ತಪ್ಪು ಯಾರದ್ದು? ಅದನ್ನು ತೀರ್ಮಾನ ಮಾಡೋದು ರಸ್ತೆ ಬದಿಯ ಗುಂಪಲ್ಲ

ಈ ವಾರದ ಎಪಿಸೋಡ್‌ನ ಬರಹ ರೂಪ ಇದು. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆ ಕಾರು, ಬೈಕು, ಪಿಕಪ್ ಓಡಿಸೋ ಎಲ್ಲರಿಗೂ ಇವತ್ತಿನ ಮಾತು. ವಾರದ ಕೊನೆಗೆ ಬೆಂಗಳೂರಿಂದ ಶೃಂಗೇರಿಗೆ ಬಂದು ಹೋಗುವವರೂ ಕೇಳಿಸಿಕೊಳ್ಳಿ.

ಒಂದು ಸನ್ನಿವೇಶ ಊಹಿಸಿಕೊಳ್ಳಿ. ಆಗಸ್ಟ್ ತಿಂಗಳು, ಸಂಜೆ ಐದೂವರೆ, ಜಿಟಿಜಿಟಿ ಮಳೆ. ಹರಿಹರಪುರದಿಂದ ಕೊಪ್ಪದ ಕಡೆ ಬರ್ತಾ ಇದ್ದೀರಿ. ರಸ್ತೆಯ ಒಂದು ಬದಿ ಧರೆ, ಇನ್ನೊಂದು ಬದಿ ತೋಟದ ಇಳಿಜಾರು. ತಿರುವಿನಲ್ಲಿ ನಿಮ್ಮ ಕಾರು ಏರು ಹತ್ತುತ್ತಿದೆ, ಎದುರಿಂದ ಒಂದು ಬೈಕು ಇಳಿದು ಬಂತು. ಡಿಕ್ಕಿ. ಬೈಕಿನ ಹುಡುಗ ಬಿದ್ದಿದ್ದಾನೆ, ಕಾಲಿಗೆ ಜೋರು ಪೆಟ್ಟು. ಐದೇ ನಿಮಿಷದಲ್ಲಿ ಇಪ್ಪತ್ತು ಜನ. ಒಬ್ಬರು, "ಕಾರಿನವರದ್ದೇ ತಪ್ಪು, ದೊಡ್ಡ ಗಾಡಿ ಅಲ್ವಾ" ಅಂತಾರೆ. ಇನ್ನೊಬ್ಬರು ನಂಬರ್ ಪ್ಲೇಟ್ ನೋಡ್ತಾರೆ. ಕೆಎ 18 ಇದ್ದರೆ ನಮ್ಮವರು, ಬೇರೆ ಇದ್ದರೆ ಹೊರಗಿನವರು. ಮೂರನೆಯವರು, "ಕೇಸು ಗೀಸು ಎಂತಕ್ಕೆ ಮಾರಾಯ್ರೆ, ಇಲ್ಲೇ ಏನಾದ್ರೂ ಕೊಟ್ಟು ಮುಗಿಸಿ" ಅಂತಾರೆ.

ನೋಡಿ, ಈ ಮೂರು ಮಾತಿಗೂ ಕಾನೂನಿನಲ್ಲಿ ತೂಕ ಇಲ್ಲ. ತಪ್ಪು ಯಾರದ್ದು ಅನ್ನೋದು ಆ ತಿರುವಿನಲ್ಲಿ ತೀರ್ಮಾನ ಆಗೋದಿಲ್ಲ. ಆಮೇಲೆ, ಒಂದೊಂದೇ ಕಾಗದದ ಮೇಲೆ ತೀರ್ಮಾನ ಆಗುತ್ತೆ: ಆಸ್ಪತ್ರೆಯ ಚೀಟಿ, ಎಫ್‌ಐಆರ್, ಸ್ಥಳ ಮಹಜರು, ಆರ್‌ಟಿಒ ಇನ್‌ಸ್ಪೆಕ್ಟರ್ ವರದಿ, ಚಾರ್ಜ್‌ಶೀಟ್. ಹಾಗಾಗಿ ನಿಮ್ಮ ಕೆಲಸ ರಸ್ತೆಯಲ್ಲಿ ವಾದ ಗೆಲ್ಲೋದಲ್ಲ. ನಡೆದದ್ದು ನಡೆದ ಹಾಗೇ ಆ ಕಾಗದಗಳಲ್ಲಿ ಬರುವಂತೆ ನೋಡಿಕೊಳ್ಳೋದು.

ಒಂದು ಮಾತು ಮೊದಲೇ ಸ್ಪಷ್ಟ ಮಾಡ್ತೀನಿ. ಇದು ತಪ್ಪಿಸಿಕೊಳ್ಳೋ ಪಾಠ ಅಲ್ಲ. ನಿಮ್ಮ ತಪ್ಪಿದ್ದರೆ ಅದರ ಹೊಣೆ ನಿಮ್ಮದೇ. ಆದರೆ ನಿಮ್ಮ ಪಾಲು ಮೂವತ್ತಿದ್ದಾಗ ನೂರು ನಿಮ್ಮ ತಲೆಗೆ ಬರಬಾರದು. ಬೈಕಿನಿಂದ ಬಿದ್ದವರು ನೀವೇ ಆಗಿದ್ದರೂ ಇದೇ ಕಾಗದಗಳು ನಿಮ್ಮನ್ನು ಕಾಯೋದು.

ಮೊದಲು ಮನುಷ್ಯ

ಗಾಡಿ ನಿಲ್ಲಿಸಿ, ಹಜಾರ್ಡ್ ಲೈಟ್ ಹಾಕಿ. ತಿರುವಿನ ಎರಡೂ ಕಡೆ ಒಬ್ಬೊಬ್ಬರನ್ನು ನಿಲ್ಲಿಸಿ, ಇಲ್ಲದಿದ್ದರೆ ಹಿಂದೆ ಬರೋ ಬಸ್ಸು ಎರಡನೇ ಅಪಘಾತ ಮಾಡುತ್ತೆ. ಆಂಬುಲೆನ್ಸ್‌ಗೆ 108, ಪೊಲೀಸರಿಗೆ 112. ಆಂಬುಲೆನ್ಸ್ ತಡ ಆಗುತ್ತೆ ಅನ್ನಿಸಿದರೆ ಸಿಕ್ಕ ಗಾಡಿಯಲ್ಲಿ ಹತ್ತಿರದ ಆಸ್ಪತ್ರೆಗೆ ಕಳಿಸಿ.

ಇದು ಬರೀ ಮಾನವೀಯತೆ ಅಲ್ಲ, ಕಾನೂನು. ಮೋಟಾರು ವಾಹನ ಕಾಯ್ದೆ 1988ರ 134ನೇ ಸೆಕ್ಷನ್ ಪ್ರಕಾರ ಗಾಯಗೊಂಡವರಿಗೆ ಚಿಕಿತ್ಸೆ ಸಿಗುವಂತೆ ಮಾಡೋದು ಚಾಲಕನ ಕರ್ತವ್ಯ. ಪೊಲೀಸರು ಅಲ್ಲಿ ಇಲ್ಲದಿದ್ದರೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಹತ್ತಿರದ ಸ್ಟೇಷನ್‌ಗೆ ವಿಷಯ ತಿಳಿಸಬೇಕು. ವಿಮಾ ಕಂಪನಿಗೂ ಬರಹದಲ್ಲಿ ತಿಳಿಸಬೇಕು.

ಜನ ರೊಚ್ಚಿಗೆದ್ದಿದ್ದರೆ? ಅದನ್ನೂ ಆ ಸೆಕ್ಷನ್ ಗಮನಿಸಿದೆ. ಗುಂಪಿನ ಸಿಟ್ಟಿನಿಂದಾಗಿ ಚಿಕಿತ್ಸೆಗೆ ನೆರವಾಗೋದು ಸಾಧ್ಯವೇ ಇರಲಿಲ್ಲ ಅಂದರೆ ಅದಕ್ಕೆ ವಿನಾಯಿತಿ ಇದೆ. ಆದರೆ ಅಲ್ಲಿಂದ ಹೊರಟವರು ಹೋಗಬೇಕಾದದ್ದು ನೇರ ಪೊಲೀಸ್ ಸ್ಟೇಷನ್‌ಗೆ, ಮನೆಗಲ್ಲ. ಸ್ಟೇಷನ್‌ಗೆ ಹೋದವನಿಗೂ ಪರಾರಿಯಾದವನಿಗೂ ಕಾನೂನಿನ ಕಣ್ಣಲ್ಲಿ ತುಂಬಾ ವ್ಯತ್ಯಾಸ ಇದೆ.

ನೀವು ದಾರಿಹೋಕರಾಗಿದ್ದರೆ ಸಹಾಯ ಮಾಡೋಕೆ ಹೆದರಬೇಡಿ. 2019ರ ತಿದ್ದುಪಡಿಯಲ್ಲಿ ಬಂದ 134ಎ ಸೆಕ್ಷನ್ ನಿಮ್ಮ ಬೆನ್ನಿಗಿದೆ. ಒಳ್ಳೆ ಮನಸ್ಸಿನಿಂದ ನೆರವಾದವರ ಮೇಲೆ ಕೇಸು ಹಾಕೋ ಹಾಗಿಲ್ಲ, ಹೆಸರು ವಿಳಾಸ ಕೊಡಿ ಅಂತ ಒತ್ತಾಯ ಮಾಡೋ ಹಾಗೂ ಇಲ್ಲ.

ಬಾಯಿಗೆ ಕೆಲಸ ಕಮ್ಮಿ, ಕ್ಯಾಮೆರಾಕ್ಕೆ ಜಾಸ್ತಿ

"ಏಟಾಯ್ತಾ? ನೀರು ಬೇಕಾ? ಮನೆಯವರ ನಂಬರ್ ಹೇಳಿ" ಅನ್ನೋದು ಕಾಳಜಿ. "ಅಯ್ಯೋ, ನಂದೇ ತಪ್ಪು, ನಾನು ನೋಡ್ಲೇ ಇಲ್ಲ" ಅನ್ನೋದು ಹೇಳಿಕೆ. ಮೊದಲನೆಯದು ಎಷ್ಟು ಬೇಕಾದ್ರೂ ಹೇಳಿ. ಎರಡನೆಯದು ಗಾಬರಿಯಲ್ಲಿ ಬಾಯಿಗೆ ಬರುತ್ತೆ, ಪಕ್ಕದವರ ಫೋನಲ್ಲಿ ರೆಕಾರ್ಡ್ ಆಗುತ್ತೆ. ಬೈಕಿನವನು ತನ್ನ ಬದಿ ಬಿಟ್ಟು ಬಂದಿದ್ದನಾ, ತಿರುವಲ್ಲಿ ಹಾರ್ನ್ ಮಾಡಿದ್ದನಾ ಅಂತ ನಿಮಗೆ ಆ ಕ್ಷಣಕ್ಕೆ ಗೊತ್ತಿರೋದೇ ಇಲ್ಲ. ಗೊತ್ತಿಲ್ಲದ್ದನ್ನು ಒಪ್ಪಿಕೊಳ್ಳಬೇಡಿ. ಹಾಗೇ, ಗೊತ್ತಿಲ್ಲದೆ ಎದುರಿನವರ ಮೇಲೂ ಹಾಕಬೇಡಿ.

ನಮ್ಮ ಕಡೆ ಸಾಕ್ಷಿಯ ದೊಡ್ಡ ಶತ್ರು ಮಳೆ. ರಸ್ತೆ ಮೇಲಿನ ಟೈರ್ ಗುರುತು, ಮಣ್ಣು, ಗಾಜಿನ ಚೂರು ಹತ್ತು ನಿಮಿಷದಲ್ಲಿ ಚರಂಡಿ ಸೇರುತ್ತೆ. ಗಾಯಾಳುವಿನ ವ್ಯವಸ್ಥೆ ಆದ ತಕ್ಷಣ ಫೋಟೋ ತೆಗೀರಿ:

ಎರಡೂ ದಿಕ್ಕಿನಿಂದ ದೂರದ ಫೋಟೋ, ತಿರುವು ಪೂರ್ತಿ ಕಾಣುವ ಹಾಗೆ.
ಗಾಡಿಗಳು ನಿಂತ ಜಾಗ. ರಸ್ತೆಯ ಎರಡೂ ಅಂಚು ಅದೇ ಫೋಟೋದಲ್ಲಿರಲಿ, ಯಾರು ಯಾವ ಬದಿಯಲ್ಲಿದ್ದರು ಅಂತ ಗೊತ್ತಾಗೋದು ಅದರಿಂದಲೇ.
ಟೈರ್ ಗುರುತು, ಗಾಜು ಬಿದ್ದ ಜಾಗ, ನಂಬರ್ ಪ್ಲೇಟ್, ಗಾಡಿಗಳಿಗೆ ಪೆಟ್ಟು ಬಿದ್ದ ಭಾಗ.
ಹೊಂಡ, ಕುಸಿದ ರಸ್ತೆ ಅಂಚು, ನೋಟಕ್ಕೆ ಅಡ್ಡ ಬರೋ ಪೊದೆ, ಮಂಜು, ರಸ್ತೆಗೆ ಬಂದ ದನ.
ಕೊನೆಗೆ, ಮಾತಾಡದೆ ಒಂದು ನಿಮಿಷದ ವಿಡಿಯೋ.

ಕೆರೆಕಟ್ಟೆ ಕಡೆ, ಬಾಳೆಹೊನ್ನೂರಿನ ಒಳದಾರಿಗಳಲ್ಲಿ ನೆಟ್‌ವರ್ಕ್ ಸಿಗಲಿಲ್ಲ ಅಂತ ಚಿಂತೆ ಬೇಡ. ಫೋನಿನ ಜಿಪಿಎಸ್‌ಗೆ ಸಿಗ್ನಲ್ ಬೇಕಿಲ್ಲ. ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ಜಾಗ, ಸಮಯ ಎರಡೂ ಫೋಟೋ ಒಳಗೇ ಸೇರಿಕೊಳ್ಳುತ್ತೆ. ಆದರೆ ಮೂಲ ಫೈಲ್ ಡಿಲೀಟ್ ಮಾಡಬೇಡಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಗುಣಮಟ್ಟ ಕುಗ್ಗುತ್ತೆ, ಒಳಗಿನ ಮಾಹಿತಿಯೂ ಹೋಗುತ್ತೆ. ನ್ಯಾಯಾಲಯಕ್ಕೆ ಡಿಜಿಟಲ್ ಸಾಕ್ಷ್ಯ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತೆ, ಅದಕ್ಕೂ ಮೂಲ ಫೈಲ್ ಇದ್ದರೆ ಒಳ್ಳೇದು.

ಡ್ಯಾಶ್‌ಕ್ಯಾಮ್ ಇದ್ದರೆ ಅವತ್ತೇ ಮೆಮೊರಿ ಕಾರ್ಡ್ ತೆಗೆದಿಡಿ, ಹಳೇ ವಿಡಿಯೋ ಮೇಲೆ ಹೊಸದು ಬರೆಯುತ್ತಾ ಹೋಗುತ್ತೆ. ಹತ್ತಿರದ ಪೆಟ್ರೋಲ್ ಬಂಕ್, ಅಂಗಡಿ, ಹೋಮ್‌ಸ್ಟೇ ಸಿಸಿಟಿವಿಗೂ ಇದೇ ಕಥೆ. ಕ್ಯಾಮೆರಾ ಇದೆ ಅಂತ ಪೊಲೀಸರಿಗೆ ಅವತ್ತೇ ಹೇಳಿ. ಕಣ್ಣಾರೆ ಕಂಡವರು ಇದ್ದರೆ, ತೋಟದ ಕೆಲಸದವರಿರಲಿ, ಬಸ್ಸಿನ ಕಂಡಕ್ಟರ್ ಇರಲಿ, ಹೆಸರು, ಫೋನ್ ನಂಬರ್ ಕೇಳಿ ಇಟ್ಟುಕೊಳ್ಳಿ.

'ಇಲ್ಲೇ ಮುಗಿಸೋಣ' ಅನ್ನೋ ಪಂಚಾಯ್ತಿ

ನಾನು ಓದಿದ್ದು ಬಿಕಾಂ. ಕಾಂಟ್ರಾಕ್ಟ್ ಆಕ್ಟ್ ಪಾಠದಲ್ಲಿ ಕಲಿತ ಒಂದು ಅಭ್ಯಾಸ ಏನಂದ್ರೆ, ಸಹಿ ಮಾಡಿದ ಕಾಗದದ ಷರತ್ತು ಓದೋದು. ಕಾರಿನ ವಿಮೆ ಪಾಲಿಸಿಯೂ ಒಂದು ಕಾಂಟ್ರಾಕ್ಟೇ. ಮೋಟಾರು ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಇರೋ ಒಂದು ಷರತ್ತನ್ನು ಹೆಚ್ಚಿನವರು ಓದಿರೋದಿಲ್ಲ. ಅದರ ಸಾರಾಂಶ ಇಷ್ಟು: ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ವಿಮೆದಾರ ತಪ್ಪು ಒಪ್ಪಿಕೊಳ್ಳಬಾರದು, ಹಣ ಕೊಡ್ತೀನಿ ಅಂತ ಮಾತು ಕೊಡಬಾರದು, ಕೊಡಲೂಬಾರದು.

ಅಂದರೆ ರಸ್ತೆ ಬದಿಯಲ್ಲಿ ಹತ್ತು ಸಾವಿರ ಎಣಿಸಿ ಕೊಟ್ಟರೆ ನಿಮಗೆ ಎರಡು ಕಡೆ ತೊಂದರೆ. ವಿಮಾ ಕಂಪನಿ "ಷರತ್ತು ಮುರಿದಿದ್ದೀರಿ" ಅನ್ನಬಹುದು. ನಾಳೆ ಬೈಕಿನವನ ಕಾಲಿಗೆ ಆಪರೇಷನ್ ಬೇಕು ಅಂತಾದರೆ, "ತಪ್ಪಿಲ್ಲದಿದ್ದರೆ ದುಡ್ಡು ಯಾಕೆ ಕೊಟ್ಟರು?" ಅನ್ನೋ ಪ್ರಶ್ನೆ ಬರುತ್ತೆ.

ಬಿದ್ದವರ ಕಡೆಯಿಂದಲೂ ಲೆಕ್ಕ ಹಾಕಿ. ಬಿದ್ದ ತಕ್ಷಣ ಬರೀ ಊತ ಅನ್ನಿಸಿದ್ದು ಮೂರನೇ ದಿನ ಎಕ್ಸ್‌ರೇಯಲ್ಲಿ ಮೂಳೆ ಮುರಿತ ಅಂತ ಬರಬಹುದು. ಅಡಿಕೆ ಕೊನೆ ತೆಗೆಯೋರು, ಗಾರೆ ಕೆಲಸದವರು ಆರು ತಿಂಗಳು ಕೆಲಸಕ್ಕೆ ಹೋಗಲಿಕ್ಕಾಗದಿದ್ದರೆ ಹತ್ತು ಸಾವಿರ ಯಾವ ಮೂಲೆಗೆ? ಗಾಯ ಆಗಿದೆ ಅಂದರೆ ಪೊಲೀಸ್ ದಾಖಲೆ ಆಗಲೇಬೇಕು. ಬಂಪರ್ ಗೀರಿದ್ದಕ್ಕೆ, ಕನ್ನಡಿ ಒಡೆದದ್ದಕ್ಕೆ ಇಬ್ಬರೂ ಒಪ್ಪಿ ಮಾತಾಡಿಕೊಳ್ಳೋದು ಬೇರೆ ಮಾತು. ಆಗಲೂ ಎರಡು ಸಾಲು ಬರೆದು ಇಬ್ಬರೂ ಸಹಿ ಹಾಕಿ.

ಆಸ್ಪತ್ರೆಯ ಮೊದಲ ಸಾಲು

ಇದು ಹೆಚ್ಚಿನವರ ಗಮನಕ್ಕೆ ಬರೋದೇ ಇಲ್ಲ. ಆಸ್ಪತ್ರೆಗೆ ಹೋದ ತಕ್ಷಣ ಡಾಕ್ಟರ್, "ಏನಾಯ್ತು?" ಅಂತ ಕೇಳಿ ಬರೆದುಕೊಳ್ತಾರೆ. ಜೊತೆಗೆ ಹೋದವರು, "ಬೈಕಿಂದ ಬಿದ್ದ" ಅಂತ ಹೇಳಿಬಿಡ್ತಾರೆ. ದಾಖಲೆಯಲ್ಲಿ ತಾನಾಗಿ ಬಿದ್ದದ್ದು ಅಂತ ಸೇರುತ್ತೆ. ವಾರ ಬಿಟ್ಟು ಕಾರಿನ ಮೇಲೆ ದೂರು ಕೊಟ್ಟರೆ, ವಿಮಾ ಕಂಪನಿಯ ವಕೀಲರು ಮೊದಲು ತೆಗೆಯೋದು ಆ ಒಂದು ಸಾಲನ್ನೇ.

ಹಾಗಾಗಿ ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಗಾಡಿ ಯಾವುದಕ್ಕೆ ತಾಗಿತು ಅಂತ ಸರಿಯಾಗಿ ಹೇಳಿ. ಇದು ರಸ್ತೆ ಅಪಘಾತ, ಪೊಲೀಸರಿಗೆ ತಿಳಿಸಿ ಅಂತಲೂ ಹೇಳಿ. ಕೊಪ್ಪದಿಂದ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಮಂಗಳೂರಿಗೋ ಕಳಿಸಿದರೆ ಅಲ್ಲೂ ಅದೇ ವಿವರ ಬರೀತಾರಾ ನೋಡಿ. ಎರಡು ಆಸ್ಪತ್ರೆಯಲ್ಲಿ ಎರಡು ಕಥೆ ಇದ್ದರೆ ನಿಜ ಹೇಳಿದವರೂ ಸುಳ್ಳುಗಾರರಂತೆ ಕಾಣ್ತಾರೆ.

ದುಡ್ಡಿನ ಚಿಂತೆಗೆ ಒಂದು ಮಾಹಿತಿ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ರಸ್ತೆ ಅಪಘಾತದ ಗಾಯಾಳುಗಳಿಗೆ ನಗದುರಹಿತ ಚಿಕಿತ್ಸೆ ಯೋಜನೆ ಪ್ರಕಟಿಸಿದೆ. ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನದವರೆಗೆ, ಒಬ್ಬರಿಗೆ 1.5 ಲಕ್ಷ ರೂಪಾಯಿವರೆಗೆ. ತಪ್ಪು ಯಾರದ್ದು ಅಂತ ಇದಕ್ಕೆ ಕೇಳೋದಿಲ್ಲ. ಆಸ್ಪತ್ರೆಯಲ್ಲಿ ಈ ಯೋಜನೆ ಇದೆಯಾ ಅಂತ ವಿಚಾರಿಸಿ.

ಸ್ಟೇಷನ್‌ನಲ್ಲಿ ಏನಾಗುತ್ತೆ?

ಎಫ್‌ಐಆರ್ ಅಂದರೆ ತೀರ್ಪು ಅಲ್ಲ. ನಿಮ್ಮ ಮೇಲೆ ದಾಖಲಾದ ಮಾತ್ರಕ್ಕೆ ತಪ್ಪಿತಸ್ಥರಾಗೋದಿಲ್ಲ. ಗಾಯದ ಕೇಸುಗಳಲ್ಲಿ ಸಾಮಾನ್ಯವಾಗಿ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125 ಸೆಕ್ಷನ್, ಸಾವಾಗಿದ್ದರೆ 106 ಹಾಕ್ತಾರೆ. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ಎದುರಿನವರು ಮೊದಲು ದೂರು ಕೊಟ್ಟಿದ್ದರೂ ನಿಮ್ಮ ಕಡೆಯ ವಿವರವನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿ ತಗೊಳ್ಳಿ.

ಬರೆಯುವಾಗ ಕಂಡದ್ದು ಮಾತ್ರ ಬರೀರಿ. "ಅವನು ನೂರರಲ್ಲಿ ಬರ್ತಿದ್ದ" ಅನ್ನೋದು ನಿಮ್ಮ ಅಂದಾಜು. "ಬೈಕು ರಸ್ತೆಯ ನನ್ನ ಬದಿಗೆ ಬಂದಿತ್ತು" ಅನ್ನೋದು ನೀವು ಕಂಡದ್ದು. ಖಾಲಿ ಹಾಳೆಗೆ, ಓದದ ಹಾಳೆಗೆ ಸಹಿ ಬೇಡ. ತನಿಖೆ ವೇಳೆ ಪೊಲೀಸರು ಬರೆದುಕೊಳ್ಳೋ ಹೇಳಿಕೆಗೆ ಹೇಳಿದವರ ಸಹಿ ಬೇಕಿಲ್ಲ ಅಂತ ಕಾನೂನೇ ಹೇಳುತ್ತೆ. ಸುಳ್ಳು ಮಾತ್ರ ಹೇಳಲೇಬೇಡಿ. ಲೈಸೆನ್ಸ್ ಇಲ್ಲದ ತಮ್ಮ ಓಡಿಸುತ್ತಿದ್ದಾಗ "ನಾನೇ ಓಡಿಸ್ತಿದ್ದೆ" ಅಂತ ಅಣ್ಣ ಮುಂದೆ ಬರೋದುಂಟು. ಅದು ಸಹಾಯ ಅಲ್ಲ, ಇನ್ನೊಂದು ಅಪರಾಧ.

2022ರ ಏಪ್ರಿಲ್ 1ರಿಂದ ಜಾರಿಯಲ್ಲಿರೋ ಕೇಂದ್ರ ನಿಯಮಗಳು ತನಿಖೆಗೆ ಗಡುವು ಹಾಕಿವೆ. 48 ಗಂಟೆಯೊಳಗೆ ಮೊದಲ ಅಪಘಾತ ವರದಿ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕು. ಚಾಲಕರು, ಮಾಲೀಕರು ತಮ್ಮ ತಮ್ಮ ನಮೂನೆಯನ್ನು 30 ದಿನದಲ್ಲಿ ತುಂಬಿ ಕೊಡಬೇಕು. 50 ದಿನಕ್ಕೆ ಮಧ್ಯಂತರ ವರದಿ, 90 ದಿನಕ್ಕೆ ವಿವರವಾದ ವರದಿ. ಆ 30 ದಿನದ ನಮೂನೆಯನ್ನು ಸುಮ್ಮನೆ ಒಂದು ಫಾರಂ ಅಂದ್ಕೋಬೇಡಿ, ನಿಮ್ಮ ಮಾತು ಅಧಿಕೃತವಾಗಿ ಸೇರೋ ಜಾಗ ಅದು.

ಸ್ಥಳ ಮಹಜರಿನ ದಿನ ಸಾಧ್ಯವಾದರೆ ಅಲ್ಲಿರಿ. ನಕ್ಷೆಯಲ್ಲಿ ರಸ್ತೆ ಅಗಲ, ಗಾಡಿಗಳಿದ್ದ ಜಾಗ, ತಿರುವು ಸರಿಯಾಗಿ ಬಂದಿದೆಯಾ ನೋಡಿ, ನಿಮ್ಮ ಫೋಟೋಗಳನ್ನು ತನಿಖಾಧಿಕಾರಿಗೆ ಕೊಡಿ. ಆರ್‌ಟಿಒ ಇನ್‌ಸ್ಪೆಕ್ಟರ್ ಗಾಡಿ ಪರೀಕ್ಷೆ ಮಾಡೋ ಮೊದಲು ಗ್ಯಾರೇಜಿಗೆ ಕೊಟ್ಟು ರಿಪೇರಿ ಮಾಡಿಸಬೇಡಿ. ಬ್ರೇಕ್ ಫೇಲ್ ಆಗಿತ್ತು, ಟೈರ್ ಒಡೀತು ಅನ್ನೋ ಮಾತಿಗೆ ಆಧಾರ ಸಿಗೋದು ಆ ಪರೀಕ್ಷೆಯಲ್ಲೇ.

ತಪ್ಪನ್ನು ಅಳೆಯೋದು ಹೇಗೆ?

ದೊಡ್ಡ ಗಾಡಿಯದ್ದೇ ತಪ್ಪು ಅನ್ನೋ ನಿಯಮ ಎಲ್ಲೂ ಇಲ್ಲ. ಇರೋದು ರಸ್ತೆ ನಿಯಮಗಳು. ನಮ್ಮ ಘಾಟಿ ರಸ್ತೆಗಳಿಗೆ ಮುಖ್ಯವಾದದ್ದು ಇದು: ಎರಡು ಗಾಡಿ ಸಲೀಸಾಗಿ ದಾಟುವಷ್ಟು ಅಗಲ ಇಲ್ಲದ ಏರುರಸ್ತೆಯಲ್ಲಿ, ಇಳಿದು ಬರೋ ಗಾಡಿ ಹತ್ತಿ ಬರೋ ಗಾಡಿಗೆ ದಾರಿ ಬಿಡಬೇಕು. ತಿರುವಿನಲ್ಲಿ, ಮುಂದೆ ಕಾಣದ ಕಡೆ ಓವರ್‌ಟೇಕ್ ಮಾಡಬಾರದು. ಮುಂದಿನ ಗಾಡಿಯಿಂದ ಸಾಕಷ್ಟು ಅಂತರ ಬಿಡಬೇಕು. 2018ರ ಒಂದು ಪ್ರಕರಣದಲ್ಲಿ ಮುಂದಿದ್ದ ಲಾರಿಗೆ ಹಿಂದಿನಿಂದ ಕಾರು ಗುದ್ದಿತ್ತು. ಅಂತರ ಕಾಯ್ದುಕೊಳ್ಳದ ಕಾರು ಚಾಲಕನದ್ದೇ ನಿರ್ಲಕ್ಷ್ಯ ಅಂತ ಸುಪ್ರೀಂ ಕೋರ್ಟ್ ಹೇಳಿತು.

ತಪ್ಪು ಹಂಚಿಕೆಯೂ ಆಗುತ್ತೆ. ಗಾಯಾಳುವಿನ ನಷ್ಟ 10 ಲಕ್ಷ, ಅವನ ಪಾಲಿನ ನಿರ್ಲಕ್ಷ್ಯ ಶೇಕಡ 30 ಅಂತಾದರೆ ಅವನಿಗೆ ಸಿಗೋದು 7 ಲಕ್ಷ. ಹಾಗಂತ ಲೈಸೆನ್ಸ್ ಇಲ್ಲ, ಬೈಕಲ್ಲಿ ಮೂವರಿದ್ದರು ಅಂದ ಮಾತ್ರಕ್ಕೆ ಪಾಲು ತಾನಾಗಿ ಬರೋದಿಲ್ಲ. ಅಪಘಾತ ಆಗಿದ್ದು ಅದರಿಂದಲೇ ಅಂತ ತೋರಿಸಬೇಕು. ತ್ರಿಬಲ್ ರೈಡಿಂಗ್ ಬಗ್ಗೆ 2020ರಲ್ಲಿ ಸುಪ್ರೀಂ ಕೋರ್ಟ್ ಹೀಗೆಯೇ ಹೇಳಿದೆ. ಮಹಜರಿನ ನಕ್ಷೆ ಒಂದನ್ನೇ ನೋಡಿ, ಬೇರೆ ಪುರಾವೆ ಇಲ್ಲದೆ ನಿರ್ಲಕ್ಷ್ಯ ತೀರ್ಮಾನಿಸಲಾಗದು ಅಂತ 2013ರ ಕೇರಳದ ಪ್ರಕರಣದಲ್ಲಿ ಹೇಳಿದೆ. ನಿಮ್ಮ ಫೋಟೋ, ನಿಮ್ಮ ಸಾಕ್ಷಿ ಯಾಕೆ ಬೇಕು ಅಂತ ಈಗ ಗೊತ್ತಾಯ್ತಲ್ಲ?

ಅರಸೀಕೆರೆಯ ಪ್ರಕರಣ

ಈಗ ನಮ್ಮದೇ ರಾಜ್ಯದ ಒಂದು ನಿಜ ಪ್ರಕರಣ. 2014ರ ಜೂನ್ 18. ಒಬ್ಬರು ಮಲ್ಲಸಂದ್ರದಿಂದ ಅರಸೀಕೆರೆ ಕಡೆ ಕಾರು ಓಡಿಸಿಕೊಂಡು ಹೋಗ್ತಿದ್ದರು. ಜೊತೆಯಲ್ಲಿ ತಂದೆ, ಅಕ್ಕತಂಗಿ, ಮಕ್ಕಳು. ಕಾರು ಪಲ್ಟಿಯಾಯ್ತು, ಓಡಿಸ್ತಿದ್ದವರು ತೀರಿಕೊಂಡರು. ಹೆಂಡತಿ, ಮಗ, ತಂದೆತಾಯಿ 80 ಲಕ್ಷ ಪರಿಹಾರ ಕೇಳಿದರು. ಟೈರ್ ಒಡೆದದ್ದರಿಂದ ಹೀಗಾಯ್ತು ಅನ್ನೋದು ಅವರ ವಾದ. ಪೊಲೀಸರ ಚಾರ್ಜ್‌ಶೀಟ್ ಮಾತ್ರ ಅತಿವೇಗ, ನಿರ್ಲಕ್ಷ್ಯ ಅಂತ ಹೇಳುತ್ತಿತ್ತು. 2024ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್, ಅಪಘಾತಕ್ಕೆ ತೀರಿಕೊಂಡವರೇ ಕಾರಣರಾಗಿದ್ದಾಗ ಅವರ ವಾರಸುದಾರರು ಪರಿಹಾರ ಕೇಳಲಾಗದು ಅಂದಿತು. 2025ರ ಜುಲೈ 2ರಂದು ಸುಪ್ರೀಂ ಕೋರ್ಟ್ ಅದರಲ್ಲಿ ಕೈ ಹಾಕಲು ಒಪ್ಪಲಿಲ್ಲ.

ಹನ್ನೊಂದು ವರ್ಷ ಕೋರ್ಟು ಅಲೆದ ಮೇಲೆ ಕೈಗೆ ಬಂದದ್ದು ಏನೂ ಇಲ್ಲ. ಇದರಿಂದ ನಮಗೆ ತಿಳಿಯೋದು ಎರಡು. ಒಂದು, ಟೈರ್ ಒಡೀತು ಅಂತ ಹೇಳಿದರೆ ಸಾಲದು, ದಾಖಲೆ ಅದನ್ನು ಹೇಳಬೇಕು. ಎರಡು, ಥರ್ಡ್ ಪಾರ್ಟಿ ವಿಮೆ ಹೆಸರೇ ಹೇಳುವ ಹಾಗೆ ಬೇರೆಯವರಿಗಾಗಿ ಇರೋದು. ಗಾಡಿ ಮಾಲೀಕರೇ ಓಡಿಸುವಾಗ ಅವರಿಗೆ ಏನಾದರೂ ಆದರೆ ನೆರವಿಗೆ ಬರೋದು 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ. ಅದಕ್ಕೆ ಚಾಲ್ತಿ ಲೈಸೆನ್ಸ್ ಇರಬೇಕು. ಪ್ರೀಮಿಯಂ ಉಳಿಸೋಕೆ ಅದನ್ನು ತೆಗೆಸಿಬಿಡಬೇಡಿ.

ದಂಡ ಕಟ್ಟಿ ಮುಗಿಸೋ ಮುನ್ನ

ತಿಂಗಳುಗಳ ನಂತರ ಕೋರ್ಟಿನಿಂದ ಸಮನ್ಸ್ ಬರುತ್ತೆ. "ತಪ್ಪು ಒಪ್ಪಿಕೊಂಡು ದಂಡ ಕಟ್ಟಿ ಹೋಗಿ, ಅಲೆದಾಟ ತಪ್ಪುತ್ತೆ" ಅಂತ ಯಾರಾದ್ರೂ ಸಲಹೆ ಕೊಡ್ತಾರೆ. ದಂಡ ಸಣ್ಣದೇ ಇರಬಹುದು. ಆದರೆ ಕ್ರಿಮಿನಲ್ ಕೋರ್ಟಿನಲ್ಲಿ ಒಪ್ಪಿಕೊಂಡದ್ದನ್ನು ಪರಿಹಾರದ ಕೇಸಿನಲ್ಲಿ ಎದುರು ವಕೀಲರು ಮುಂದಿಡ್ತಾರೆ. ಕ್ರಿಮಿನಲ್ ಕೇಸಿನಲ್ಲಿ ಅಪರಾಧ ಸಂಶಯಕ್ಕೆ ಎಡೆ ಇಲ್ಲದಂತೆ ರುಜುವಾಗಬೇಕು. ಪರಿಹಾರದ ಕೇಸಿನಲ್ಲಿ ಯಾವುದು ಹೆಚ್ಚು ಸಂಭವ ಅಂತ ನೋಡಿದರೆ ಸಾಕು. ನಿಜಕ್ಕೂ ತಪ್ಪು ನಿಮ್ಮದೇ ಆಗಿದ್ದರೆ ಒಪ್ಪಿಕೊಳ್ಳೋದು ಸರಿ. ಅಲೆದಾಟ ತಪ್ಪಲಿ ಅನ್ನೋ ಒಂದೇ ಕಾರಣಕ್ಕೆ ಬೇಡ. ಮೊದಲು ವಕೀಲರನ್ನು ಕೇಳಿ. ವಕೀಲರ ಖರ್ಚು ಕಷ್ಟ ಅನ್ನೋರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಆದಾಯ ಮಿತಿಯೊಳಗಿನವರಿಗೆ ಉಚಿತ ನೆರವು ಸಿಗುತ್ತೆ. ಸಹಾಯವಾಣಿ 15100.

ಗಾಯಗೊಂಡವರ ಕಡೆಯವರಿಗೆ ಮೂರು ಲೆಕ್ಕ. ಪರಿಹಾರದ ಅರ್ಜಿಗೆ ಕಾಯ್ದೆಯಲ್ಲಿ 6 ತಿಂಗಳ ಗಡುವಿದೆ. ಈ ಗಡುವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ, ಆದರೂ ನೀವು 6 ತಿಂಗಳೊಳಗೇ ಹಾಕಿ. ಅಪಘಾತ ಎಲ್ಲೇ ಆಗಿರಲಿ, ನೀವು ವಾಸ ಇರೋ ಕಡೆಯ ನ್ಯಾಯಮಂಡಳಿಯಲ್ಲೂ ಹಾಕಬಹುದು. ತಪ್ಪು ಸಾಬೀತು ಮಾಡೋದೇ ಬೇಡ ಅಂದರೆ 164ನೇ ಸೆಕ್ಷನ್ ಇದೆ: ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ. ಅದನ್ನು ಒಪ್ಪಿ ತಗೊಂಡರೆ ದೊಡ್ಡ ಮೊತ್ತದ ಅರ್ಜಿ ಅಲ್ಲಿಗೇ ಮುಗಿಯುತ್ತೆ, ಆದ್ದರಿಂದ ಯೋಚನೆ ಮಾಡಿ ಸಹಿ ಹಾಕಿ. ಗುದ್ದಿದ ಗಾಡಿ ಯಾವುದು ಅಂತಲೇ ಗೊತ್ತಾಗದಿದ್ದರೆ ಹಿಟ್ ಅಂಡ್ ರನ್ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ಸಿಗುತ್ತೆ.

ಇವತ್ತು ರಾತ್ರಿ ಮಲಗೋ ಮುಂಚೆ ಹತ್ತು ನಿಮಿಷ ಕೊಡಿ. ಪಾಲಿಸಿ ಪಿಡಿಎಫ್ ತೆಗೆದು ಕೊನೆ ದಿನಾಂಕ, ವೈಯಕ್ತಿಕ ಅಪಘಾತ ವಿಮೆ ಇದೆಯಾ, ಕ್ಲೈಮ್ ನಂಬರ್ ಏನು ಅಂತ ನೋಡಿ. ಅದನ್ನೂ ಲೈಸೆನ್ಸನ್ನೂ ನೆಟ್ ಇಲ್ಲದೆ ತೆರೆಯೋ ಹಾಗೆ ಫೋನಲ್ಲಿ ಉಳಿಸಿ. ಕ್ಯಾಮೆರಾದ ಲೊಕೇಶನ್ ಆನ್ ಮಾಡಿ. ಅಪ್ಪ, ಅಮ್ಮ, ತಮ್ಮ, ತಂಗಿ, ಮನೆಯಲ್ಲಿ ಗಾಡಿ ಮುಟ್ಟೋ ಎಲ್ಲರಿಗೂ ಈ ಎಪಿಸೋಡ್ ಕಳಿಸಿ.

ಮುಂದಿನ ವಾರ ಸಿಗೋಣ. ಅಲ್ಲಿವರೆಗೆ ತಿರುವಿನಲ್ಲಿ ಹಾರ್ನ್ ಮಾಡಿ, ಹತ್ತಿ ಬರೋರಿಗೆ ದಾರಿ ಬಿಡಿ.